ಕುಂಜತ್ತೂರಿನಿಂದ ಚೆರುವತ್ತೂರಿಗೆ, ಒಂದು ಚಿಲಕಕ್ಕಾಗಿ

೧೯೯೩ರ ನವೆಂಬರಿನ ಒಂದು ಗುರುವಾರ, ಬೆಳಕು ಹರಿಯುತ್ತಿರುವಾಗ, ಕುಂಜತ್ತೂರಿನ ನಮ್ಮ ಅಂಗಳದಿಂದ ವ್ಯಾನ್ ಹೊರಟಿತು. ಇಂಜಿನ್ ಎಣ್ಣೆ, ಬ್ಯಾಟರಿಯ ನೀರು, ಚಕ್ರಗಳ ಗಾಳಿ, ಕುಡಿಯುವ ನೀರಿನ ಕ್ಯಾನು, ಎಲ್ಲವನ್ನೂ ಹಿಂದಿನ ಸಂಜೆಯೇ ನೋಡಿ, ಬೆಳಿಗ್ಗೆ ಎದ್ದು ಮತ್ತೊಮ್ಮೆ ನೋಡಿದ್ದೆ. ಮೂವತ್ತು ವರ್ಷ ಸರಕು ಹಡಗುಗಳಲ್ಲಿ ಬಡಗಿಯಾಗಿದ್ದವನು ನಾನು. ಹಡಗಿನ ಬಡಗಿಯ ದಿನ ಶುರುವಾಗುವುದೇ ತಪಾಸಣೆಯಿಂದ. ತಳದ ತೊಟ್ಟಿಗಳಲ್ಲಿ ನೀರೆಷ್ಟಿದೆ, ಯಾವ ಬಾಗಿಲು ಸಡಿಲವಾಗಿದೆ, ಯಾವ ಕಿಂಡಿ ಸರಿಯಾಗಿ ಮುಚ್ಚಿಲ್ಲ ಎಂದು ನೋಡಿ ಬಂದ ಮೇಲೆಯೇ ಚಹಾ. ನಿವೃತ್ತಿಯಾದ ಮೇಲೂ ಆ ಕ್ರಮವನ್ನು ಬಿಟ್ಟಿಲ್ಲ. ಬಿಡಲು ಕಾರಣವೂ ಕಾಣಲಿಲ್ಲ.

ಈ ಪ್ರಯಾಣದ ಉದ್ದೇಶ ಒಂದೇ: ವ್ಯಾನಿನ ಕಿಟಕಿಗಳಿಗೆ ಸರಿಯಾದ ಚಿಲಕ ಹುಡುಕುವುದು. ಒಂದು ಚಿಲಕಕ್ಕಾಗಿ ಕಾಸರಗೋಡು ಜಿಲ್ಲೆಯ ಈ ತುದಿಯಿಂದ ಆ ತುದಿಗೆ ಹೋಗುವುದೇ ಎಂದು ನೆರೆಯವರು ನಕ್ಕರು. ಮಂಜೇಶ್ವರದ ಅಂಗಡಿಗಳಲ್ಲಿದ್ದ ಚಿಲಕಗಳನ್ನೆಲ್ಲ ನೋಡಿ ಆಗಿತ್ತು. ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬರಿಗೈಯಲ್ಲಿ ಬಂದದ್ದೂ ಆಗಿತ್ತು. ಉತ್ತರ ಮುಗಿದಿತ್ತು. ಇನ್ನು ದಕ್ಷಿಣ ನೋಡಬೇಕಿತ್ತು.

ವ್ಯಾನಿನ ವಿಷಯ ಸ್ವಲ್ಪ ಹೇಳಬೇಕು. ಮಂಗಳೂರಿನ ಬೇಕರಿಯೊಂದು ಬ್ರೆಡ್ ಸಾಗಿಸಿ ಸಾಗಿಸಿ ಕೈಬಿಟ್ಟ ಹಳೆಯ ಮಟಡೋರ್ ಅದು. ಡ್ರೈವರ್ ಸೀಟಿನ ಬೆನ್ನಿಗೆ ಗೇಣಗಲದ ಒಂದು ಕಿಂಡಿ ಬಿಟ್ಟರೆ ಹಿಂದಿನ ಡಬ್ಬಿಗೆ ಕಿಟಕಿಯೇ ಇರಲಿಲ್ಲ. ಎರಡು ಮಳೆಗಾಲ ಶೆಡ್ಡಿನಲ್ಲಿ ಕೆಲಸ ಮಾಡಿ ಒಳಗೆ ಎರಡು ಮಂಚ, ಒಂದು ಅಡುಗೆಯ ಹಲಗೆ, ಪಾತ್ರೆಗಳು ಅಲುಗದಂತೆ ಗೂಡು ಮಾಡಿದೆ. ಎರಡೂ ಬದಿಗೆ ಎರಡೆರಡು ಕಿಟಕಿ ಕೊರೆದೆ. ಬಿಜಾಗರಿ ಮೇಲ್ಗಡೆ. ಒಳಗಿನಿಂದ ಕೆಳ ಅಂಚನ್ನು ಹೊರಕ್ಕೆ ತಳ್ಳಿದರೆ ತೆರೆಯುತ್ತದೆ. ಚೌಕಟ್ಟಿನ ಸುತ್ತ ರಬ್ಬರ್ ಪಟ್ಟಿ. ಮುಚ್ಚಿ ಬಿಗಿಯಲು ಚಿಟ್ಟೆ ನಟ್ಟುಗಳು, ಅಂದರೆ ಹಡಗಿನ ದುಂಡು ಕಿಂಡಿಗಳಿಗೆ ಇರುವಂತೆ ಎರಡು ಕಿವಿ ಹಿಡಿದು ತಿರುಗಿಸುವಂಥವು. ಅಟ್ಲಾಂಟಿಕ್ ಸಾಗರದ ತೆರೆ ಬಡಿದರೂ ಒಂದು ಹನಿ ಒಳಗೆ ಬಾರದು. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ವ್ಯಾನ್ ಮಾಡಿದ್ದು ನನ್ನ ಹೆಂಡತಿ ಸಿಸಿಲಿಗಾಗಿ. ನಾನು ವರ್ಷದ ಹತ್ತು ತಿಂಗಳು ಸಮುದ್ರದ ಮೇಲಿದ್ದಾಗ ಅವಳು ಮನೆಯಲ್ಲಿ ಹೊಲಿಗೆ ಮೆಷಿನು ತುಳಿಯುತ್ತಿದ್ದಳು. ನಾನು ನೋಡಿದ ಊರುಗಳು ಅವಳಿಗೆ ಗೊತ್ತಿದ್ದದ್ದು ಲಕೋಟೆಯ ಮೇಲಿನ ಅಂಚೆ ಮುದ್ರೆಯಿಂದ ಮಾತ್ರ. ನಿವೃತ್ತಿಯಾದ ಮೇಲೆ ಕನ್ಯಾಕುಮಾರಿ, ಅಲ್ಲಿಂದ ವೇಳಾಂಕಣಿ, ಮತ್ತೆ ಎಲ್ಲಿಗೆ ಮನಸ್ಸಾಗುತ್ತದೋ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ. ಅಷ್ಟರಲ್ಲಿ ಸಂಧಿವಾತ ಅವಳ ಬೆರಳುಗಳನ್ನು ಮಡಚಿಬಿಟ್ಟಿತು. ಬಸ್ಸಿನ ಕಂಬಿ ಹಿಡಿಯಲಾರಳು, ರೈಲಿನ ಮೆಟ್ಟಿಲು ಹತ್ತಲಾರಳು. ಆದ್ದರಿಂದ ಈ ವ್ಯಾನ್.

ಅಕ್ಟೋಬರಿನಲ್ಲಿ ಮನೆಗೆ ಹತ್ತಿರದ ಕಣ್ವತೀರ್ಥದ ಕಡಲ ಬದಿಯಲ್ಲಿ ಒಂದು ರಾತ್ರಿ ಮಲಗಿ ಪರೀಕ್ಷೆ ಮಾಡಿದೆವು. ಬೆಳಿಗ್ಗೆ ನಾನು ಎಂದಿನಂತೆ ಎದ್ದು, ಅವಳು ಮಲಗಿರುವಾಗಲೇ ಹಿಂಬಾಗಿಲು ಹೊರಗಿನಿಂದ ಭದ್ರ ಮಾಡಿ, ಮರಳಿನಲ್ಲಿ ನನ್ನ ನಡಿಗೆಗೆ ಹೋದೆ. ನಡಿಗೆ ಮುಗಿಸಿ ಬರುವಾಗ ಬಿಸಿಲು ಏರಿತ್ತು. ವ್ಯಾನಿನ ಒಳಗಿನಿಂದ ಸೌಟಿನಲ್ಲಿ ತಗಡು ಬಡಿಯುವ ಶಬ್ದ ಕೇಳಿತು. ಬಾಗಿಲು ತೆಗೆದೆ. ಸಿಸಿಲಿಯ ಮುಖ ಕೆಂಪಾಗಿತ್ತು, ಕೂದಲು ಹಣೆಗೆ ಅಂಟಿತ್ತು. ನನ್ನ ನಟ್ಟುಗಳಲ್ಲಿ ಒಂದನ್ನೂ ಅವಳ ಬೆರಳುಗಳಿಂದ ತಿರುಗಿಸಲು ಆಗಿರಲಿಲ್ಲ.

"ನಾನೆಂತ ಬ್ರೆಡ್ಡಾ?" ಎಂದಳು. "ಬೇಯಲಿಕ್ಕೆ ಇಟ್ಟು ಹೋದದ್ದಾ?"

ಮನೆಯಲ್ಲಿ ನಾವು ಆಡುವುದು ಕೊಂಕಣಿ. ಇಲ್ಲಿ ಕನ್ನಡದಲ್ಲಿ ಬರೆದರೂ ಅವಳ ಮಾತಿನ ಖಾರ ಕಡಿಮೆಯಾಗಿಲ್ಲ ಎಂದು ನಂಬಿದ್ದೇನೆ. ಮನೆಗೆ ಬಂದ ಮೇಲೆ ಅವಳು ಸಾವಕಾಶವಾಗಿ ಹೇಳಿದ ಮಾತು ಹೆಚ್ಚು ತಾಗಿತು. "ನನ್ನ ಕೈಯಿಂದ ನನಗೆ ತೆಗೆಯಲಿಕ್ಕೆ ಆಗುವ ಕಿಟಕಿ ಮಾಡಿ. ಆಗ ಎಲ್ಲಿಗೆ ಬೇಕಾದರೂ ಬರ್ತೇನೆ. ಇಲ್ಲದಿದ್ದರೆ ನೀವು ಉಂಟು, ನಿಮ್ಮ ವ್ಯಾನು ಉಂಟು. ನಾನು ಇಲ್ಲೇ ಇರ್ತೇನೆ."

ಅವಳು ಹೇಳಿದರೆ ಹೇಳಿದಂತೆ. ವ್ಯಾನ್ ಅಂಗಳದಲ್ಲಿ ತುಕ್ಕು ಹಿಡಿಯುವುದೋ, ಅವಳು ಕನ್ಯಾಕುಮಾರಿ ನೋಡುವುದೋ, ಈಗ ಒಂದು ಅಂಗೈಯಗಲದ ವಸ್ತುವಿನ ಮೇಲೆ ನಿಂತಿತ್ತು. ನಾನು ಒಂದು ಮಾದರಿ ಕಿಟಕಿ ಮಾಡಿದೆ. ಅದೇ ಅಳತೆಯ ಮರ, ಅದೇ ರಬ್ಬರ್, ಅದೇ ಬಿಜಾಗರಿ. ಸಿಕ್ಕಿದ ಚಿಲಕವನ್ನು ಇದಕ್ಕೆ ತಿರುಪು ಹಾಕಿ ಕೂರಿಸುವುದು, ಸಿಸಿಲಿ ತೆಗೆದು ಮುಚ್ಚಿ ನೋಡುವುದು. ತೀರ್ಪು ಅವಳದೇ. ಗುರುವಾರ ಹೊರಟು ಶನಿವಾರ ಸಂಜೆಗೆ ವಾಪಸು, ಭಾನುವಾರ ನಮ್ಮ ಇಗರ್ಜಿಯಲ್ಲಿ ಪೂಜೆ ಎಂದು ನಿಶ್ಚಯಿಸಿದ್ದೆ. ಹುಡುಕುವುದಕ್ಕೆ ತಾನು ಬರದಿದ್ದರೆ ಆಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅವಳು ಹತ್ತಿದಳು, ಅದೂ ಮುಂದಿನ ಸೀಟಿಗೆ. ಹಿಂದೆ ಕೂರಲು ಒಪ್ಪಲಿಲ್ಲ.

ಹೊಸಂಗಡಿ, ಉಪ್ಪಳ, ಕುಂಬಳೆ ದಾಟಿ ಮೊಗ್ರಾಲಿನ ಸೇತುವೆಯ ಬಳಿ ನಿಲ್ಲಿಸಿ ಬೆಳಗಿನ ತಿಂಡಿ ಮುಗಿಸಿದೆವು. ಮನೆಯಿಂದ ತಂದ ಸಾನ್ನ, ಅಂದರೆ ಶೇಂದಿ ಹಾಕಿ ಉಬ್ಬಿಸಿದ ನಮ್ಮ ಇಡ್ಲಿ, ಜೊತೆಗೆ ಬೆಲ್ಲ ಕಾಯಿತುರಿ. ರಸ್ತೆಯಲ್ಲಿ ಮಳೆಗಾಲದ ಹೊಂಡಗಳು ಹಾಗೆಯೇ ಇದ್ದವು. ವ್ಯಾನ್ ಕುಣಿದರೂ ನನ್ನ ಗೂಡಿನ ಪಾತ್ರೆಗಳು ಕದಲಲಿಲ್ಲ. ಸಿಸಿಲಿ ಅದನ್ನು ಗಮನಿಸಿದಳು.

ಕಾಸರಗೋಡಿನಲ್ಲಿ ಹಳೆ ಬಸ್ ನಿಲ್ದಾಣದ ಹತ್ತಿರ ಒಂದು ದೊಡ್ಡ ಹಾರ್ಡ್‌ವೇರ್ ಅಂಗಡಿ. ಯಜಮಾನರು ಬಿಳಿ ಗಡ್ಡದ ಒಬ್ಬ ಹಾಜಿಯವರು. ನಾನು ಮಾದರಿ ಕಿಟಕಿಯನ್ನು ಅವರ ಮೇಜಿನ ಮೇಲೆ ನಿಲ್ಲಿಸಿದೆ.

"ಇದೆಂತ ಪೊರ್ಬುಗಳೇ?" ಎಂದರು. ನಮ್ಮ ಕಡೆ ಕ್ರಿಶ್ಚನ್ನರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. "ಕೋಳಿಗೂಡಿನ ಬಾಗಿಲಾ?"

"ಕಿಟಕಿ."

"ಇಷ್ಟು ಸಣ್ಣ ಮನೆ ಎಲ್ಲಿ ಕಟ್ಟಿದ್ದು ಮಾರಾಯ್ರೆ?"

"ಅಲ್ಲಿ ರಸ್ತೆಯ ಬದಿ ನಿಂತಿದೆ ನೋಡಿ."

ಹಾಜಿಯವರು ಕನ್ನಡಕ ಏರಿಸಿ ನೋಡಿದರು. ನಾನು ಎರಡು ಸಲ ಪೇಂಟ್ ಹೊಡೆದಿದ್ದರೂ ಕೆಳಗಿನ ಬೇಕರಿಯ ಅಕ್ಷರಗಳು ಬಿಸಿಲಿಗೆ ಸ್ವಲ್ಪ ಕಾಣುತ್ತಿದ್ದವು. "ಅಲ್ಲಾ, ಅದು ಬ್ರೆಡ್ಡಿನ ಗಾಡಿಯಲ್ವಾ!" ಎಂದು ನಕ್ಕು, ಕುರ್ಚಿ ಹಾಕಿಸಿದರು.

ಒಂದೊಂದಾಗಿ ಹೊರಗೆ ಬಂದವು. ಸಾದಾ ಚಿಲಕದ ಗುಂಡಿ ಕಡಲೆಯಷ್ಟು. ಸಿಸಿಲಿಗೆ ಹಿಡಿಯಲು ಸಿಗಲಿಲ್ಲ. ಕೊಕ್ಕೆಯನ್ನು ಅವಳು ಸುಲಭವಾಗಿ ಎತ್ತಿದಳು, ಆದರೆ ಅದು ಕಿಟಕಿಯನ್ನು ರಬ್ಬರಿಗೆ ಒತ್ತಿ ಹಿಡಿಯುವುದಿಲ್ಲ. ನಾನು ಅಲುಗಿಸಿ ತೋರಿಸಿದೆ, ಟಕಟಕ ಸದ್ದಾಯಿತು. ಹೊಂಡದ ರಸ್ತೆಯಲ್ಲಿ ಇಡೀ ದಿನ ಅದನ್ನು ಕೇಳಬೇಕು. ಮೂರನೆಯದು ಗಲ್ಫಿಗೆ ಹೋಗುವವರ ಪೆಟ್ಟಿಗೆಗೆ ಹಾಕುವ ಸ್ಪ್ರಿಂಗ್ ಕ್ಲಿಪ್ಪು. ಎಳೆದು ಒತ್ತಿದರೆ ಬಿಗಿಯಾಗಿ ಕೂರುತ್ತದೆ. ನನಗೆ ಇಷ್ಟವಾಯಿತು. ಸಿಸಿಲಿ ತೆಗೆಯಲು ಹೋದಾಗ ಅದು ಚಿಮ್ಮಿ ಅವಳ ಹೆಬ್ಬೆರಳಿಗೆ ಬಡಿಯಿತು. ಹಾಜಿಯವರು ಗಾಬರಿಯಾಗಿ ತಣ್ಣೀರು ತರಿಸಿದರು.

"ಬಾಯಮ್ಮ, ನನ್ನ ಹೆಂಡತಿಗೂ ಇದೇ ಬೇನೆ ಉಂಟು," ಎಂದರು. "ಅವಳು ಈಗ ಚಿಲಕ ಮುಟ್ಟುದೇ ಇಲ್ಲ. ಮನೆ ತುಂಬ ಜನ, ಒಬ್ಬರಲ್ಲದಿದ್ದರೆ ಒಬ್ಬರು ಹಾಕ್ತಾರೆ."

"ನಮ್ಮಲ್ಲಿ ಹಾಕುವವರು ಇವರೊಬ್ಬರೇ ಹಾಜಿಯವರೇ," ಎಂದಳು ಸಿಸಿಲಿ, ಬೆರಳನ್ನು ನೀರಿನಲ್ಲಿ ಅದ್ದಿಕೊಂಡು. "ಇವರು ಹಾಕಿದ್ದನ್ನು ಬಿಚ್ಚಲಿಕ್ಕೆ ಜನ ಬೇಕಾಗಿದೆ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಹಾಜಿಯವರು ಕಾಞಂಗಾಡಿನಲ್ಲಿ ಬಸ್ಸಿಗೆ ಬಾಡಿ ಕಟ್ಟುವ ಒಂದು ವರ್ಕ್‌ಶಾಪಿನ ದಾರಿ ಹೇಳಿದರು. ಬಸ್ಸಿನವರಿಗೆ ಗೊತ್ತಿರದ ಕಿಟಕಿ ಇಲ್ಲ ಎಂದು ನನಗೂ ಅನ್ನಿಸಿತು.

ಊಟ ಮುಗಿಸಿ ಚಂದ್ರಗಿರಿ ಸೇತುವೆ ದಾಟಿ ಕಡಲ ಬದಿಯ ರಸ್ತೆ ಹಿಡಿದೆವು. ಬೇಕಲದ ಕೋಟೆಯಿಂದ ಸ್ವಲ್ಪ ಈಚೆ, ಗಾಳಿಮರಗಳ ನೆರಳಿನಲ್ಲಿ ವ್ಯಾನ್ ನಿಲ್ಲಿಸಿದೆ. ಸಿಸಿಲಿ ಹಿಂದೆ ಮಲಗಲು ಒಂದು ಷರತ್ತು ಹಾಕಿದಳು. ಅವಳ ಮಂಚದ ಬದಿಯ ಕಿಟಕಿಯ ನಟ್ಟುಗಳನ್ನು ನಾನು ಪೂರ್ತಿ ಕಳಚಿ ಜೇಬಿಗೆ ಹಾಕಿಕೊಳ್ಳಬೇಕು. ಹಾಗೆಯೇ ಮಾಡಿದೆ. ಸಂಜೆ ನಾನು ಹತ್ತಿರದ ಮನೆಯೊಂದರ ಬಾವಿಯಿಂದ ನೀರು ತರಲು ಹೋದಾಗ ಪೂರ್ವದಲ್ಲಿ ಗುಡುಗಿತು. ಆ ತಿಂಗಳ ಮಳೆ ಕೇಳಿ ಬರುವುದಿಲ್ಲ. ಕೊಡಪಾನ ಹಿಡಿದು ಓಡಿ ಬಂದಾಗ ಸಡಿಲ ಕಿಟಕಿ ಗಾಳಿಗೆ ಬಡಿಯುತ್ತಿತ್ತು. ಸಿಸಿಲಿ ಮಂಚದ ಮೇಲೆ ಮೊಣಕಾಲೂರಿ, ಕಿಟಕಿಯ ಕೆಳ ಅಂಚಿನ ಹೊರಬದಿಗೆ ಎರಡೂ ಮುಂಗೈ ಸಿಕ್ಕಿಸಿ, ಅದನ್ನು ಒಳಕ್ಕೆ ಎಳೆದು ಹಿಡಿದುಕೊಂಡಿದ್ದಳು. ರವಿಕೆ ನೆನೆದಿತ್ತು, ಹಾಸಿಗೆ ನೆನೆದಿತ್ತು.

"ಜೇಬಿನಲ್ಲಿ ನಟ್ಟು ಭದ್ರ ಉಂಟಲ್ಲ?" ಎಂದಳು.

ನಾನು ನಟ್ಟು ಹಾಕಿ ಬಿಗಿದೆ. ಅವಳು ಸೀರೆ ಬದಲಿಸಿ, ನನ್ನ ಮಂಚದಲ್ಲಿ ಕುಳಿತು, ಚಹಾ ಕುಡಿಯುತ್ತಾ ಯೋಚಿಸಿದಳು. "ತೆರೆಯಲಿಕ್ಕೆ ಮಾತ್ರ ಆದರೆ ಸಾಲದು," ಎಂದಳು. "ಮುಚ್ಚಲಿಕ್ಕೂ ನನಗೆ ಆಗಬೇಕು." ಕೆಲಸ ಎರಡು ಪಟ್ಟಾಯಿತು. ಆದರೆ ಅವಳು ಮನೆಗೆ ಹೋಗುವ ಎನ್ನಲಿಲ್ಲ. ಅದನ್ನು ನಾನು ಒಳ್ಳೆಯ ಲಕ್ಷಣವೆಂದೇ ತೆಗೆದುಕೊಂಡೆ. ಆ ರಾತ್ರಿ ಹಿಂಬಾಗಿಲು ತೆರೆದಿಟ್ಟು, ಅಡ್ಡ ಹಗ್ಗ ಕಟ್ಟಿ ಮಲಗಿದೆವು.

ಶುಕ್ರವಾರ ಬೆಳಿಗ್ಗೆ ಆಕಾಶ ತೊಳೆದಂತಿತ್ತು. ಕಾಞಂಗಾಡಿನಲ್ಲಿ ಪುಟ್ಟು ಕಡಲೆ ತಿಂದು ವರ್ಕ್‌ಶಾಪಿಗೆ ಹೋದೆವು. ಅರ್ಧ ಕಟ್ಟಿದ ಬಸ್ಸೊಂದು ಎಲುಬಿನ ಗೂಡಿನಂತೆ ನಿಂತಿತ್ತು. ಮೇಸ್ತ್ರಿ ಕಣ್ಣನ್ ಮಲಯಾಳ ಬೆರೆತ ಕನ್ನಡದಲ್ಲಿ ಮಾತಾಡುವವರು, ಅಣ್ಣನಿಗೆ ಏಟ್ಟ, ಅಕ್ಕನಿಗೆ ಏಚ್ಚಿ ಎನ್ನುವವರು. ನಾನು ಬಸ್ಸಿನ ಕಿಟಕಿಯ ಚಿಲಕ ತೋರಿಸಿ ಎಂದೆ.

"ನಮ್ಮ ಬಸ್ಸಿಗೆ ಎಲ್ಲಿ ಗಾಜು ಏಟ್ಟಾ?" ಎಂದು ಅವರು ಕೈ ಬೀಸಿ ತೋರಿಸಿದರು. ನಿಜ. ದಿನಾ ನೋಡಿದ್ದನ್ನು ನಾನು ಮರೆತಿದ್ದೆ. ರಾಜ್ಯದ ಗಡಿಯ ಈಚೆಗಿನ ಬಸ್ಸುಗಳಿಗೆ ಗಾಜಿಲ್ಲ, ಮಳೆ ಬಂದರೆ ಇಳಿಸುವ ದಪ್ಪ ಟಾರ್ಪಾಲಿನ ಪರದೆ. "ನೀವೂ ಇದನ್ನೇ ಹಾಕಿ. ಚಿಲಕದ ತಲೆಬಿಸಿಯೇ ಇಲ್ಲ."

ಸಿಸಿಲಿ ನನ್ನ ತೋಳಿನ ಆಸರೆಯಿಂದ ಪಕ್ಕದಲ್ಲಿದ್ದ ಇನ್ನೊಂದು ಬಸ್ಸು ಹತ್ತಿ ಕುಳಿತು ಒಂದು ಪರದೆಯನ್ನು ಮುಂಗೈಯಿಂದ ತಳ್ಳಿ ಇಳಿಸಿದಳು. "ಇದು ನನಗೆ ಆಗ್ತದೆ," ಎಂದಳು. ಅವಳ ಕಣ್ಣು ನನ್ನ ಮೇಲಿತ್ತು.

ನಾನು ಒಪ್ಪಲಿಲ್ಲ. ಹಿಂದಿನ ರಾತ್ರಿ ಬಾಗಿಲು ತೆರೆದಿಟ್ಟು ಮಲಗಿ ನನಗೆ ಕಣ್ಣು ಹತ್ತಿರಲಿಲ್ಲ. ಗೊತ್ತಿಲ್ಲದ ಊರಿನಲ್ಲಿ ಬಟ್ಟೆಯ ಗೋಡೆಯ ಹಿಂದೆ ಮಲಗುವುದು ಹೇಗೆ? ಬ್ಲೇಡು ಹಿಡಿದ ಯಾರು ಬೇಕಾದರೂ ಒಳಗೆ ಬರಬಹುದು. ಮಳೆ ಎರಚಿದರೆ ಹಾಸಿಗೆ ಮತ್ತೆ ನೀರು. ಕಣ್ಣನ್ ಮೇಸ್ತ್ರಿ ತಲೆ ತುರಿಸಿದರು.

"ಏಟ್ಟನಿಗೆ ಬ್ಯಾಂಕಿನ ಲಾಕರ್ ಬೇಕು, ಏಚ್ಚಿಗೆ ಬಸ್ಸಿನ ಪರದೆ ಬೇಕು," ಎಂದರು. "ಎರಡೂ ಒಂದೇ ಕಿಟಕಿಗೆ ಹಾಕುವ ಮೇಸ್ತ್ರಿ ಇನ್ನೂ ಹುಟ್ಟಲಿಲ್ಲ."

"ಹುಟ್ಟಿದ್ದಾರೆ," ಎಂದೆ. "ನಾನೇ." ಸಿಸಿಲಿ ಬಸ್ಸಿನಿಂದ ಇಳಿಯುತ್ತಾ, "ಚಿಲಕವೊಂದು ಹುಟ್ಟಬೇಕಷ್ಟೇ," ಎಂದಳು.

ಅಲ್ಲಿಂದ ನನ್ನ ಲೆಕ್ಕ ನೇರವಾಗಿತ್ತು. ಭೂಮಿಯವರಿಂದ ಆಗದಿದ್ದರೆ ನೀರಿನವರಿಂದ ಆಗುತ್ತದೆ. ಚೆರುವತ್ತೂರಿನ ಪಕ್ಕ ಮಡಕ್ಕರದಲ್ಲಿ ಮೀನಿನ ದೋಣಿ ಕಟ್ಟುವವರಿದ್ದಾರೆ. ದೋಣಿಯ ಚುಕ್ಕಾಣಿ ಕೋಣೆಗೆ ಕಿಟಕಿ ಇರಲೇಬೇಕು, ಅದಕ್ಕೆ ನೀರು ತಡೆಯುವ ಚಿಲಕವೂ ಇರಬೇಕು. ನೀಲೇಶ್ವರದಲ್ಲಿ ಮೀನು ಸಾರು ಊಟ ಮಾಡಿದೆವು. ಪಳ್ಳಿಕ್ಕರದ ರೈಲ್ವೆ ಗೇಟಿನಲ್ಲಿ ಬಹಳ ಹೊತ್ತು ನಿಂತೆವು. ಲಾರಿಯವರು ಇಂಜಿನ್ ಆರಿಸಿ ಇಳಿದು ಬೀಡಿ ಸೇದುತ್ತಿದ್ದರು. ಒಂದು ಗೂಡ್ಸು ಹೋಯಿತು, ಗೇಟು ತೆರೆಯಲಿಲ್ಲ. ಇನ್ನೊಂದು ರೈಲು ಬಂದು ಹೋದ ಮೇಲೆ ತೆರೆಯಿತು. ಕಾರ್ಯಂಗೋಡಿನ ಸೇತುವೆಯ ಮೇಲೆ ಸಿಸಿಲಿ ನಿಧಾನಕ್ಕೆ ಹೋಗಿ ಎಂದಳು. ಕೆಳಗೆ ಅಗಲವಾದ ಹೊಳೆ, ಹಸಿರು ನೀರು, ಮರಳು ತುಂಬಿದ ದೋಣಿಗಳು. "ಇಲ್ಲಿಯವರೆಗೆ ನಾನು ಬಂದದ್ದೇ ಇಲ್ಲ," ಎಂದಳು. ಮನೆಯಿಂದ ನೂರು ಕಿಲೋಮೀಟರು ಕೂಡ ಆಗಿರಲಿಲ್ಲ.

ಮಡಕ್ಕರದಲ್ಲಿ ನನಗೆ ಮನೆಗೆ ಬಂದ ಹಾಗಾಯಿತು. ಹೊಳೆಯ ದಡದಲ್ಲಿ, ತೆಂಗಿನ ಗರಿಯ ಚಪ್ಪರದ ಕೆಳಗೆ, ಒಂದು ದೊಡ್ಡ ದೋಣಿಯ ಒಡಲು ಏಳುತ್ತಿತ್ತು. ಹೆಬ್ಬಲಸು ಮರದ ಹಸಿ ಹೊಟ್ಟಿನ ವಾಸನೆ. ಯಾರ್ಡಿನ ಮುಖ್ಯಸ್ಥ ಗೋವಿಂದನ್ ಆಚಾರಿಯವರು ನನ್ನ ಮಾದರಿ ಕಿಟಕಿಯ ಮೂಲೆಗಳ ಜೋಡಣೆಯನ್ನು ಬೆರಳಿನಿಂದ ಸವರಿ ನೋಡಿ, "ಕೈ ಉಂಟು," ಎಂದರು. ಅದಾದ ಮೇಲೆ ನಾವಿಬ್ಬರೂ ಹಲಗೆಯ ಸಂದಿಗೆ ಹತ್ತಿ ತುಂಬುವ ವಿಷಯಕ್ಕೆ ಇಳಿದೆವು. ಅವರ ಚುಕ್ಕಾಣಿ ಕೋಣೆಯ ಕಿಟಕಿಗೆ ಚಿಲಕವೇ ಇರಲಿಲ್ಲ. ಗಾಜು ಹಳಿಯಲ್ಲಿ ಕೆಳಗೆ ಜಾರುತ್ತದೆ, ಚರ್ಮದ ಪಟ್ಟಿ ಹಿಡಿದು ಎಳೆದರೆ ಮೇಲೆ ಬರುತ್ತದೆ. ಎಳೆಯಲು ಗಟ್ಟಿ ಬೆರಳು ಬೇಕು. ಅಲ್ಲಿಗೂ ಅದು ಮುಗಿಯಿತು. ಆದರೂ ನಾನು ಹತ್ತಿ ತುಂಬುವ ಮಾತು ನಿಲ್ಲಿಸಲಿಲ್ಲ.

ಸಿಸಿಲಿ ಮೀನು ಕೊಳ್ಳಲೆಂದು ದಡದ ಆ ಬದಿಗೆ ಹೋಗಿದ್ದಳು. ಸ್ವಲ್ಪ ಹೊತ್ತಿನಲ್ಲಿ ಅವಳ ಕೂಗು ಕೇಳಿತು.

"ಇಲ್ಲಿ ಬನ್ನಿ! ಆ ಹತ್ತಿ ಅಲ್ಲಿಯೇ ಇರಲಿ!"

ದಡದಲ್ಲಿ ಸಾಲಾಗಿ ಮಂಜುಗಡ್ಡೆಯ ಪೆಟ್ಟಿಗೆಗಳಿದ್ದವು. ಆಳೆತ್ತರದ ಮರದ ಪೆಟ್ಟಿಗೆಗಳು, ಒಳಗೆ ತಗಡು, ಎದುರಿಗೆ ಬಾಗಿಲು. ಮೀನು ಮಾರುವ ಹೆಂಗಸರು ಎರಡೂ ಕೈಯಲ್ಲಿ ಬುಟ್ಟಿ ಹಿಡಿದು ಬರುತ್ತಿದ್ದರು. ಕೈ ಖಾಲಿ ಮಾಡದೆ, ಮೊಣಕೈಯಿಂದ ಒಂದು ತಟ್ಟು. ಬಾಗಿಲು ತೆರೆಯಿತು. ಬುಟ್ಟಿ ಒಳಗೆ ಸುರಿದು, ಸೊಂಟದಿಂದ ಬಾಗಿಲು ದೂಡಿ, ಮೊಣಕೈಯಿಂದ ಇನ್ನೊಂದು ತಟ್ಟು. ಮುಚ್ಚಿತು. ಮಂಜುಗಡ್ಡೆಯಲ್ಲಿ ಮರಗಟ್ಟಿದ ಬೆರಳಿಗೆ ಅವರು ಯಾವ ಕೆಲಸವನ್ನೂ ಕೊಡುತ್ತಿರಲಿಲ್ಲ.

"ನೀನೊಮ್ಮೆ ತೋರಿಸು ಜಾನಕಿ," ಎಂದಳು ಸಿಸಿಲಿ. ಅಷ್ಟರಲ್ಲಿ ಹೆಸರೂ ಗೊತ್ತಾಗಿತ್ತು. ಜಾನಕಿ ಎಂಬ ಆ ಹೆಂಗಸು ನಾಚಿ, "ಇದರಲ್ಲಿ ತೋರಿಸುವುದೆಂತ ಉಂಟು ಏಚ್ಚಿ, ನೀವೇ ಮಾಡಿ," ಎಂದಳು. ಸಿಸಿಲಿ ಮೊಣಕೈಯಿಂದ ತಟ್ಟಿದಳು. ತೆರೆಯಿತು. ಮತ್ತೆ ತಟ್ಟಿದಳು. ಮುಚ್ಚಿತು. ಮೂರನೆಯ ಸಲವೂ ತಟ್ಟಿದಳು, ಬೇಕಾಗಿರಲಿಲ್ಲ.

ನಾನು ಬಗ್ಗಿ ನೋಡಿದೆ. ಒಂದು ಮೊಳದ ಮರದ ತೋಳು. ಒಂದು ಬೋಲ್ಟಿನ ಮೇಲೆ ತಿರುಗುತ್ತದೆ. ಒಳಮೈಯನ್ನು ಓರೆಯಾಗಿ ಕೆತ್ತಿದ್ದಾರೆ. ತಿರುಗಿದಂತೆ ಆ ಓರೆ ಬಾಗಿಲನ್ನು ಒತ್ತುತ್ತಾ ಹೋಗುತ್ತದೆ. ಕಬ್ಬಿಣದ ಅಂಗಡಿಗಳಲ್ಲಿ ಇದು ಸಿಗುವುದಿಲ್ಲ, ಏಕೆಂದರೆ ಇದನ್ನು ಯಾರೂ ಮಾರುವುದಿಲ್ಲ. ಪೆಟ್ಟಿಗೆ ಮಾಡುವವರೇ ಮಾಡಿಕೊಳ್ಳುತ್ತಾರೆ.

ಒಂದು ವ್ಯತ್ಯಾಸವಿತ್ತು. ಪೆಟ್ಟಿಗೆಯಲ್ಲಿ ತೋಳು ಹೊರಗಿನಿಂದ ಒತ್ತುತ್ತದೆ. ನಮ್ಮ ಕಿಟಕಿ ಹೊರಕ್ಕೆ ತೆರೆಯುವುದರಿಂದ ಒಳಗಿನಿಂದ ಎಳೆಯಬೇಕು. ಆದ್ದರಿಂದ ತೋಳನ್ನು ಕಿಟಕಿಗೇ ಕೂರಿಸಿ, ಅದರ ಓರೆಯನ್ನು ಕೆಳಗಿನ ಚೌಕಟ್ಟಿನ ಒಳಬದಿಗೆ ಹಾಯಿಸಬೇಕು. ತೋಳು ಕೆಳಮುಖವಾಗಿ ನೇತಾಡಿದರೆ ಮುಚ್ಚಿದಂತೆ. ವ್ಯಾನ್ ಎಷ್ಟು ಕುಲುಕಿದರೂ ತನ್ನ ಭಾರದಿಂದಲೇ ಅಲ್ಲಿ ನಿಲ್ಲುತ್ತದೆ. ಚೌಕಟ್ಟು ಸವೆಯದಂತೆ ಒಂದು ಹಿತ್ತಾಳೆ ಪಟ್ಟಿ. ಕಿಟಕಿಯನ್ನು ಒಳಕ್ಕೆ ಎಳೆದುಕೊಳ್ಳಲು ಮುಂಗೈ ತೂರುವಷ್ಟು ದೊಡ್ಡ ಹಗ್ಗದ ಕುಣಿಕೆ. ಐದು ನಿಮಿಷದಲ್ಲಿ ಎಲ್ಲವೂ ನನ್ನ ತಲೆಯಲ್ಲಿ ಕೂತಿತು.

ಆಚಾರಿಯವರು ಹೆಬ್ಬಲಸಿನ ಒಂದು ತುಂಡು, ಉಳಿ, ಕೀಸುಳಿ ಕೊಟ್ಟರು. ತೋಳಿನ ಉದ್ದಕ್ಕೆ ನಾನು ಸಿಸಿಲಿಯ ಮಣಿಕಟ್ಟಿನಿಂದ ಮೊಣಕೈಯವರೆಗೆ ಟೇಪು ಹಿಡಿದೆ.

"ಈ ವಯಸ್ಸಿನಲ್ಲಿ ಬಳೆಗೆ ಅಳತೆಯಾ ಏಟ್ಟಾ?" ಎಂದು ದೋಣಿಯ ಮೇಲಿನಿಂದ ಒಬ್ಬ ಕೂಗಿದ.

"ಮದುವೆಯಲ್ಲಿ ಅಳತೆ ತಪ್ಪಿದ್ದರು," ಎಂದಳು ಸಿಸಿಲಿ. "ಈಗ ಸರಿ ಮಾಡ್ತಿದ್ದಾರೆ."

ಬೆಳಕು ಇಳಿಯುವ ಮೊದಲು ಮೊದಲನೆಯ ತೋಳು ಮಾದರಿ ಕಿಟಕಿಯ ಮೇಲೆ ಕೂತಿತು. ನಾನು ತಿರುಗಿಸಿದೆ. ರಬ್ಬರು ಅದುಮಿ ಕಿಟಕಿ ಕಲ್ಲಿನಂತೆ ಬಿಗಿಯಿತು. ಒಂದು ಚೆಂಬು ನೀರು ಎರಚಿದೆ. ಒಳಗೆ ಒಣಗಿಯೇ ಇತ್ತು. ಆಚಾರಿಯವರು ತಲೆದೂಗಿದರು. ಸಿಸಿಲಿ ಮೊಣಕೈಯಿಂದ ತಟ್ಟಿದಳು. ತೋಳು ಅಲುಗಲಿಲ್ಲ. ಇನ್ನೊಮ್ಮೆ ಜೋರಾಗಿ ತಟ್ಟಿದಳು. ಅವಳ ಮುಖ ನೋವಿನಿಂದ ಕಿವುಚಿತು. ಹೋಗಿ ಹೊಳೆಯ ಕಡೆ ಮುಖ ಮಾಡಿ ಕುಳಿತಳು.

ಓರೆಯನ್ನು ನಾನು ಸಮುದ್ರಕ್ಕೆ ತಕ್ಕಂತೆ ಕೆತ್ತಿದ್ದೆ. ಕೈ ತನ್ನಷ್ಟಕ್ಕೇ ಹಾಗೆ ಮಾಡಿತ್ತು.

ಆ ರಾತ್ರಿ ಯಾರ್ಡಿನಲ್ಲೇ ವ್ಯಾನ್ ನಿಲ್ಲಿಸಿ ಮಲಗಿದೆವು. ಶನಿವಾರ ಎದ್ದವನೇ ಓರೆಯನ್ನು ಕೀಸಲು ಕುಳಿತೆ. ಸಿಸಿಲಿಯನ್ನು ಕರೆದೆ. ಬಂದಳು, ತಟ್ಟಿದಳು. "ಇನ್ನು ಸ್ವಲ್ಪ," ಎಂದಳು. ಕೀಸಿದೆ. "ಇನ್ನೂ." ಮತ್ತೆ ಕೀಸಿದೆ. ಪ್ರತಿ ಸಲ ಕೀಸಿದಾಗಲೂ ನೀರು ಎರಚಿ ನೋಡುತ್ತಿದ್ದೆ. ಕೊನೆಗೆ ತೋಳು ಅವಳ ಮೊಣಕೈಗೆ ಮೆತ್ತಗೆ ತಿರುಗಿತು. ಆದರೆ ಎರಚಿದ ನೀರಿನಲ್ಲಿ ಕೆಲವು ಹನಿ ರಬ್ಬರಿನ ಮೂಲೆಯಿಂದ ಒಳಗೆ ಬಂದು, ಚೌಕಟ್ಟಿನ ಮೇಲೆ ಸಾಲಾಗಿ ನಿಂತವು.

ನಾನು ಆ ಹನಿಗಳನ್ನು ನೋಡುತ್ತಾ ನಿಂತೆ. ಹಡಗಿನಲ್ಲಿ ಕಿಂಡಿಯೊಂದು ಇಷ್ಟು ಸೋರಿದರೆ ಅದನ್ನು ಬಿಟ್ಟು ಹೋಗುವ ಬಡಗಿಯನ್ನು ಮುಂದಿನ ಬಂದರಿನಲ್ಲಿ ಇಳಿಸುತ್ತಾರೆ.

"ಎಂತ ನೋಡ್ತಿದ್ದೀರಿ?"

"ಸೋರುತ್ತದೆ."

ಅವಳು ಸೆರಗಿನಿಂದ ಆ ಹನಿಗಳನ್ನು ಒರೆಸಿದಳು. "ನಮ್ಮ ವ್ಯಾನು ಸಮುದ್ರಕ್ಕೆ ಇಳಿಯುವುದುಂಟಾ?" ಎಂದಳು. "ನಾಲ್ಕು ಹನಿ ನೀರಿಗೆ ನಾನು ಸಾಯುವುದಿಲ್ಲ. ಅವತ್ತು ಒಳಗೆ ಗಾಳಿ ಇಲ್ಲದೆ ನನಗೆ ಹೇಗಾಯಿತು ಅಂತ ನೀವು ಕೇಳಲೇ ಇಲ್ಲ. ನಟ್ಟು ಎಲ್ಲಿ ತಪ್ಪಿತು ಅಂತ ಮಾತ್ರ ಕೇಳಿದಿರಿ."

ನಾನು ಪೆನ್ಸಿಲ್ ಎತ್ತಿಕೊಂಡೆ. ಅದೇ ಓರೆಗೆ ಉಳಿದ ಮೂರು ತೋಳುಗಳನ್ನು ಗೀರಿದೆ. ಆಚಾರಿಯವರ ಗರಗಸ, ನನ್ನ ಕೈ. ಮಧ್ಯಾಹ್ನದ ಹೊತ್ತಿಗೆ ಚಿಟ್ಟೆ ನಟ್ಟುಗಳೆಲ್ಲ ಕಳಚಿ ನಾಲ್ಕು ಕಿಟಕಿಗೂ ತೋಳು, ಪಟ್ಟಿ, ಹಗ್ಗದ ಕುಣಿಕೆ ಕೂತವು. ಮರಕ್ಕೆ ಆಚಾರಿಯವರು ದುಡ್ಡು ಮುಟ್ಟಲಿಲ್ಲ. ನಟ್ಟುಗಳನ್ನು ಅವರಿಗೇ ಕೊಟ್ಟೆ. ದೋಣಿಗೆ ಉಪಯೋಗವಾಗುತ್ತದೆ ಎಂದರು. ಅವು ಅಲ್ಲಿಗೇ ಸರಿ.

ಆಮೇಲೆ ಸಿಸಿಲಿ ತನ್ನ ಪರೀಕ್ಷೆ ಹೇಳಿದಳು. ವ್ಯಾನನ್ನು ಬಿಸಿಲಿಗೆ ನಿಲ್ಲಿಸಬೇಕು. ಅವಳು ಒಳಗೆ, ನಾಲ್ಕು ಕಿಟಕಿಯೂ ಮುಚ್ಚಿ, ನಾನು ಹಿಂಬಾಗಿಲು ಹೊರಗಿನಿಂದ ಹಾಕಬೇಕು. ನಾನು ಚಪ್ಪರದಲ್ಲಿ ಹೋಗಿ ಕೂರಬೇಕು. ಅವಳು ಕರೆಯುವವರೆಗೆ ಬರಬಾರದು.

"ಬೇಕಾ?" ಎಂದೆ.

"ಬೇಕು. ನೀವು ಹಡಗು ಬಿಡುವ ಮೊದಲು ನೋಡುವುದಿಲ್ವಾ?"

ಬಾಗಿಲು ಹಾಕಿ ಬಂದು ಕುಳಿತೆ. ಕೆಲಸದವರು ಕೈ ನಿಲ್ಲಿಸಿ ನೋಡಿದರು. "ಏಟ್ಟಾ, ಏಚ್ಚಿಯನ್ನು ಒಳಗೆ ಹಾಕಿ ಬೀಗ ಹಾಕಿದಿರಾ?" ಎಂದು ಒಬ್ಬ ಕೇಳಿದ. ಯಾರೋ ನಕ್ಕರು. ವ್ಯಾನಿನ ತಗಡು ಬಿಸಿಲಿಗೆ ಮಿನುಗುತ್ತಿತ್ತು. ಚಿಲಕ ತೆರೆಯುತ್ತದೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ, ನಾನು ಮಾಡಿದ್ದು ಅದು. ಆದರೂ ಎರಡು ಸಲ ಎದ್ದು ನಿಂತೆ, ಎರಡು ಸಲ ಕುಳಿತೆ. ಅವಳು ಬೇಕೆಂದೇ ತಡ ಮಾಡುತ್ತಿದ್ದಳು. ಬಿಸಿಲು ಒಳಗೆ ಕಣ್ವತೀರ್ಥದಷ್ಟು ಏರಲಿ ಎಂದು ಕಾಯುತ್ತಿದ್ದಳು ಎಂದು ಆಮೇಲೆ ಹೇಳಿದಳು.

ತಟ್ ಎಂದು ಒಂದು ಸದ್ದಾಯಿತು. ಹೊಳೆಯ ಬದಿಯ ಕಿಟಕಿ ಹೊರಕ್ಕೆ ಬಂತು. ಮತ್ತೆ ಎರಡನೆಯದು. ಇನ್ನೊಂದು ಬದಿಯವು ನನಗೆ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳಿತು. ಆಮೇಲೆ ಒಂದೊಂದೇ ಮುಚ್ಚಿದವು. ಮತ್ತೆ ತೆರೆದವು. ಕಿಟಕಿಯಲ್ಲಿ ಅವಳ ಮುಖ ಕಾಣಿಸಿತು, ಬೆವರಿತ್ತು.

"ಚಹಾ ಆಯಿತಾ ನಿಮ್ಮದು?" ಎಂದು ಕೇಳಿದಳು.

ಚೆರುವತ್ತೂರಿನಿಂದ ಹೆದ್ದಾರಿಗೆ ಬಂದಾಗ ಮೂರು ಗಂಟೆಯ ಹೊತ್ತು. ಅಲ್ಲಿ ಎಡಕ್ಕೆ ತಿರುಗಿದರೆ ನೀಲೇಶ್ವರ, ಕಾಸರಗೋಡು, ಮನೆ. ಕತ್ತಲಾಗುವ ಮೊದಲು ಕುಂಜತ್ತೂರು ಮುಟ್ಟಬಹುದು. ನಾನು ಎಡಕ್ಕೆ ಸಿಗ್ನಲ್ ಹಾಕಿ, ಒಂದು ಲಾರಿ ಹೋಗಲೆಂದು ಕಾದೆ. ಈ ಪ್ರಯಾಣದಲ್ಲಿ ವ್ಯಾನ್ ಓಡುವಾಗ ಸಿಸಿಲಿ ಮೊದಲ ಸಲ ಹಿಂದೆ ಕುಳಿತಿದ್ದಳು, ತನ್ನ ಮಂಚದ ಮೇಲೆ.

"ಬಲಗಡೆ ಹೋದರೆ ಎಂತ ಉಂಟು?" ಎಂದು ಹಿಂದಿನಿಂದ ಕೇಳಿದಳು.

"ಪಯ್ಯನ್ನೂರು."

"ಅದರಾಚೆ?"

"ಕಣ್ಣೂರು. ತಲಶ್ಶೇರಿ. ಮಾಹೆ."

"ಅಲ್ಲಿ ಇಗರ್ಜಿ ಉಂಟಾ?"

"ಮಾಹೆಯಲ್ಲಿ ದೊಡ್ಡದೇ ಉಂಟು."

"ಹಾಗಾದರೆ ನಾಳೆಯ ಪೂಜೆಗೆ ತೊಂದರೆ ಇಲ್ಲ," ಎಂದಳು.

ನಮ್ಮ ಹಿಂದೆ ಬಂದು ನಿಂತ ಇನ್ನೊಂದು ಲಾರಿಯವನು ಹಾರ್ನ್ ಹೊಡೆದ. ಬದಲಿ ಬಟ್ಟೆ ಒಂದೇ ಜೊತೆ ಉಳಿದಿತ್ತು. ಮನೆಯ ನಾಯಿಗೆ ಅನ್ನ ಹಾಕಲು ನೆರೆಯವರಿಗೆ ಶನಿವಾರದವರೆಗೆ ಮಾತ್ರ ಹೇಳಿ ಬಂದಿದ್ದೆ. ಅಷ್ಟನ್ನೂ ಯೋಚಿಸಿದೆ. ಯೋಚಿಸಿ, ಸಿಗ್ನಲ್ ತೆಗೆದು ಬಲಕ್ಕೆ ತಿರುಗಿಸಿದೆ. ಪಯ್ಯನ್ನೂರಿನಿಂದ ನೆರೆಯವರಿಗೆ ಫೋನ್ ಮಾಡಿದರಾಯಿತು.

ಕಾಲಿಕ್ಕಡವಿನಲ್ಲಿ ನಮ್ಮ ಜಿಲ್ಲೆ ಮುಗಿಯುತ್ತದೆ. ಗಡಿಯ ಹೆಸರು ಹಲಗೆ ದಾಟುವಾಗ ಕನ್ನಡಿಯಲ್ಲಿ ಹಿಂದೆ ನೋಡಿದೆ. ಖಾಲಿ ರಸ್ತೆ, ಎರಡು ಬದಿ ತೆಂಗು. ಸೆಕೆ ಇತ್ತು, ಹಿಂದೆ ಕೂತವಳಿಗೆ ಒಂದು ಕಿಟಕಿ ತೆರೆದುಕೊಡಬೇಕು ಎಂದು ಬ್ರೇಕಿನ ಮೇಲೆ ಕಾಲಿಟ್ಟೆ. ಅಷ್ಟರಲ್ಲಿ ತಟ್ ಎಂದು ಸದ್ದಾಗಿ, ಕುತ್ತಿಗೆಗೆ ಹಿಂದಿನ ಕಿಂಡಿಯಿಂದ ಗಾಳಿ ತಾಗಿತು. ಕಾಲು ತೆಗೆದೆ.